ಸ್ವಿಚ್ಚು ಹಾಕಿದ್ದು ನಾನೇ

ಗುಂಡ್ಲುಪೇಟೆ
10-9-1996

ಅಪ್ಪನಿಗೆ ಮಗಳ ನಮಸ್ಕಾರ.

ಇಲ್ಲಿ ಚೆಂಡುಹೂವನ್ನು ಯಾರೂ ಮಾಲೆ ಕಟ್ಟುವುದಿಲ್ಲ. ಲಾರಿಗಟ್ಟಲೆ ತಂದು ಫ್ಯಾಕ್ಟರಿ ಅಂಗಳದಲ್ಲಿ ಗುಡ್ಡ ಹಾಕುತ್ತಾರೆ, ಒಣಗಿಸಿ ಬಣ್ಣ ತೆಗೆಯುತ್ತಾರೆ. ಅದಕ್ಕೆ ಬಳಸುವ ಎಣ್ಣೆಯ ಆವಿ ಪೆಟ್ರೋಲಿನಂತೆ ಹೊತ್ತಿಕೊಳ್ಳುವಂಥದ್ದು. ಆ ಆವಿಯನ್ನು ಚೂರುಚೂರೇ ಎಳೆದು ಪರೀಕ್ಷಿಸಿ, ಹೆಚ್ಚಾದರೆ ಗಂಟೆ ಹೊಡೆಯುವ ಹೊಸ ಪೆಟ್ಟಿಗೆ ಬಂದಿದೆ. ಅದಕ್ಕೆ ಗಾಳಿ, ನೀರು, ಕರೆಂಟು ಜೋಡಿಸುವ ಕೆಲಸವನ್ನು ಐ.ಟಿ.ಐ. ಮುಗಿಸಿದವಳೆಂದು ನನಗೇ ಕೊಟ್ಟರು. ಪೆನ್ಸಿಲ್ ದಪ್ಪದ ಸ್ಟೀಲ್ ಪೈಪುಗಳನ್ನು ಬಗ್ಗಿಸಿ ಕೂರಿಸಿದೆ. ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ನೋಡಿದರೆ ಒಂದು ಗುಳ್ಳೆಯೂ ಏಳಲಿಲ್ಲ!

ನಿನ್ನೆ ಪೂಜೆ. ಕಾಯಿ ಒಡೆಯಲು ನಾ ಮುಂದು ತಾ ಮುಂದು ಎಂದವರೆಲ್ಲ ಸ್ವಿಚ್ಚು ಹಾಕುವ ಹೊತ್ತಿಗೆ ಮೆಲ್ಲಗೆ ಬಾಗಿಲ ಕಡೆ ಸರಿದರು. ಮೇಸ್ತ್ರಿ ಶಿವಸ್ವಾಮಿ ಮಾತ್ರ ನನ್ನ ಪಕ್ಕದಲ್ಲೇ ನಿಂತು, "ಜೋಡ್ಸಿರೋಳು ನೀನು, ನೀನೇ ಆಕು ಕಣಮ್ಮಿ. ನಂಗೆ ನಂಬ್ಕೆ ಅದೆ" ಎಂದರು. ಹಾಕಿದೆ. ಹಸಿರು ದೀಪ ಹತ್ತಿತು. ಮೀಟರಿನ ಮುಳ್ಳು ಅಲುಗಾಡಿ ತನ್ನ ಜಾಗಕ್ಕೆ ಬಂದು ನಿಂತಿತು. ಬಾಗಿಲಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು.

ಆರೋಗ್ಯವಾಗಿದ್ದೇನೆ. ಕೈ ಹಳದಿಯಾಗಿದೆ, ಅದು ಹೂವಿನ ಬಣ್ಣ. ಅವ್ವ ಕಾಮಾಲೆ ಎಂದು ಹೆದರದಿರಲಿ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಹೆಣ್ಣುಮಗಳು ಕರೆಂಟು ಮುಟ್ಟಬಾರದೆಂದು ಪಂಪಿನ ಸ್ಟಾರ್ಟರಿಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಓಡಾಡುತ್ತೀಯಲ್ಲ, ಗೌರಿಹಬ್ಬಕ್ಕೆ ಬರುತ್ತೇನೆ. ಬೀಗದ ಕೈ ಬಿಚ್ಚಿಟ್ಟಿರು.

ನಿನ್ನ
ನಾಗಮಣಿ