ನಾನು ಬರೆಯದೆ ಬಿಟ್ಟ ಎರಡು ಕಾರಣಗಳು

ಪ್ರೀತಿಯ ಆಫ್ರಾ,

ಇದನ್ನು ನಿನ್ನ ಫೋನು ಏರಿಳಿತವಿಲ್ಲದ ದನಿಯಲ್ಲಿ ಓದಿ ಹೇಳುತ್ತದೆ ಎಂದು ಗೊತ್ತು. ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದರೆ ಈಗಲೇ ನಿಲ್ಲಿಸು. ಮೂಡುಬಿದಿರೆಯ ನಿನ್ನ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಒಬ್ಬಳೇ ಕೇಳು. ಒಂದು ಕಾಲದಲ್ಲಿ ನಿನಗೆ ಓದಿ ಹೇಳುತ್ತಿದ್ದವಳು ನಾನು. ಈಗ ಆ ಕೆಲಸ ಯಂತ್ರದ ಪಾಲಾಗಿದೆ. ಒಳ್ಳೆಯದೇ ಆಯಿತು, ಅದಕ್ಕೆ ಹೊಟ್ಟೆಕಿಚ್ಚಿಲ್ಲ.

ನಾನೀಗ ಬಂಟ್ವಾಳದ ಬಿ.ಸಿ. ರೋಡಿನಲ್ಲಿ, ರಮಾನಾಥಣ್ಣನ ಪ್ರೆಸ್ಸಿನಲ್ಲಿ ಟೈಪ್ ಮಾಡುತ್ತೇನೆ. ಮದುವೆ ಕಾಗದ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಉರೂಸಿನ ನೋಟೀಸು, ಎಲ್ಲವೂ ನನ್ನ ಕೈ ದಾಟಿಯೇ ಹೋಗಬೇಕು. ಕಳೆದ ಸೋಮವಾರ ರಮಾನಾಥಣ್ಣ ಒಂದು ಕಟ್ಟು ಕಾಗದ ತಂದು ಮೇಜಿನ ಮೇಲಿಟ್ಟರು. "ಸಾಧಕರ ಪುಸ್ತಕ ಮಾರಾಯ್ತಿ. ಕಷ್ಟದಿಂದ ಮೇಲೆ ಬಂದ ಹನ್ನೆರಡು ಮಂದಿ. ಓದಿದ್ರೆ ಕಣ್ಣಲ್ಲಿ ನೀರು ಬರ್ತದೆ" ಎಂದರು. ಏಳನೆಯ ಅಧ್ಯಾಯ ನಿನ್ನದು, ನೀನೇ ಹೇಳಿ ಬರೆಸಿದ್ದು. ನನ್ನ ಕಣ್ಣಲ್ಲಿ ನೀರು ಬರಲಿಲ್ಲ. ಹೊಟ್ಟೆ ಉರಿಯಿತು.

ಮೊದಲು ಹುಡುಕಿದ್ದು ನನ್ನ ಹೆಸರನ್ನು. ಸಿಕ್ಕಿತು. 'ನೆರೆಮನೆಯ ಜ್ಯೋತ್ಸ್ನಾ ನನಗೆ ಪಾಠ ಓದಿ ಹೇಳುತ್ತಿದ್ದಳು, ಅವಳ ಋಣ ತೀರುವಂಥದ್ದಲ್ಲ.' ಐದು ವರ್ಷಕ್ಕೆ ಒಂದೇ ಸಾಲು ಎಂದು ಸಿಟ್ಟು ಬಂತು. ಒಂದು ಪುಟ ಬರೆಸಿದ್ದರೂ ಸಿಟ್ಟೇ ಬರುತ್ತಿತ್ತು ಬಿಡು, ನನ್ನ ಸ್ವಭಾವ ಹಾಗೆ.

ನಾರಾವಿಯ ನಮ್ಮ ಜಗಲಿ ನಿನಗೆ ನೆನಪಿರಬೇಕು. ಐದನೇ ಕ್ಲಾಸಿನಲ್ಲಿ ಜ್ವರ ಬಂದು ಕಣ್ಣು ಹೋದ ಮೇಲೆ, ಶಾಲೆ ಬಿಟ್ಟ ಕೂಡಲೇ ನೀನು ನಮ್ಮಲ್ಲಿಗೆ ಬರುತ್ತಿದ್ದೆ. ನಾನು ನಿನಗಿಂತ ಒಂದು ಕ್ಲಾಸು ಕೆಳಗೆ. ನಿನ್ನ ಪಾಠವನ್ನು ನಾನು ಓದುವುದು, ನೀನು ತಿರುಗಿ ಒಪ್ಪಿಸುವುದು. ಅಮ್ಮ ಪಕ್ಕದಲ್ಲೇ ಕೂತು ಬೀಡಿ ಕಟ್ಟುತ್ತಿದ್ದಳು. ನಾನು ಓದುವಾಗ ಅವಳ ಕೈ ಒಂದು ಗಳಿಗೆಯೂ ನಿಂತದ್ದಿಲ್ಲ. ನೀನು ಒಪ್ಪಿಸಲು ಶುರುಮಾಡಿದರೆ ಮಾತ್ರ ಎಲೆ, ಕತ್ತರಿ ಎಲ್ಲ ಕೆಳಗಿಟ್ಟು ಕೇಳುತ್ತಿದ್ದಳು. ನೀನು ಹೋದ ಮೇಲೆ ನನಗೆ ಮಂಗಳಾರತಿ. "ಅವಳಿಗೆ ಕಣ್ಣಿಲ್ಲ, ಆದ್ರೂ ಹೇಗೆ ಕಲೀತಾಳೆ ನೋಡು. ನಿನಗೆ ಎರಡು ಉಂಟು, ಎಂಥ ಪ್ರಯೋಜನ?" ಒಂದು ದಿನ ಸಿಟ್ಟಿನಲ್ಲಿ, ದೇವರೇ ನನಗೂ ಅದೇ ಜ್ವರ ಬರಲಿ ಎಂದು ಬೇಡಿಕೊಂಡಿದ್ದೆ. ಆಮೇಲೆ ಹೆದರಿ, ಬೇಡ ಬೇಡ ಎಂದು ಎರಡು ಸಲ ಹೇಳಿದೆ. ಅತ್ತ ನಿನ್ನ ಅಮ್ಮ ಬೀಬಿ, ಹಬ್ಬದ ತಿಂಡಿಯಲ್ಲಿ ನನ್ನ ಪಾಲನ್ನೇ ಮೊದಲು ತೆಗೆದಿಡುತ್ತಿದ್ದರು. ಅದನ್ನು ತಿಂದುಕೊಂಡೇ ನಿನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ನಾನು.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಿನ್ನ ಪರವಾಗಿ ಬರೆಯಲು ನನ್ನನ್ನೇ ಹಾಕಿದರು. ಬರೆಯುವವಳು ನಿನಗಿಂತ ಕೆಳಗಿನ ತರಗತಿಯವಳೇ ಆಗಿರಬೇಕು ಎಂಬುದು ನಿಯಮ. ಹೆಚ್ಚು ತಿಳಿದವಳಾದರೆ ಸೇರಿಸಿ ಬರೆದಾಳು ಎಂಬ ಭಯ. ಕಡಿಮೆ ತಿಳಿದವಳು ಬಿಟ್ಟು ಬರೆದಾಳು ಎಂದು ಯಾರಿಗೂ ಹೊಳೆಯಲಿಲ್ಲ.

ಸಮಾಜ ವಿಜ್ಞಾನದ ದಿನ. ನಮ್ಮಿಬ್ಬರಿಗೇ ಒಂದು ಕೋಣೆ, ಒಬ್ಬರು ಮೇಷ್ಟ್ರು. ನೀನು ತಡೆಯಿಲ್ಲದೆ ಹೇಳುತ್ತಾ ಹೋದೆ, ನಾನು ಕೈ ಸೋತರೂ ದುಂಡಗೆ ಬರೆಯುತ್ತಾ ಹೋದೆ. ಮೇಷ್ಟ್ರು ಹಿಂದೆ ಬಂದು ನಿಂತು, "ಎಂಥ ನೆನಪು ಮಾರಾಯ್ತಿ ನಿನ್ನದು. ಇಡೀ ಪುಸ್ತಕ ತಲೆಯಲ್ಲಿ ಉಂಟಲ್ಲ" ಎಂದರು. ನನ್ನ ಕಡೆ ನೋಡಲೂ ಇಲ್ಲ, ಹೋಗಿ ಬಾಗಿಲಲ್ಲಿ ನಿಂತರು. ಮುಂದಿನ ಪ್ರಶ್ನೆ, ೧೮೫೭ರ ದಂಗೆ ವಿಫಲವಾಗಲು ನಾಲ್ಕು ಕಾರಣ ಕೊಡಿ. ನೀನು ನಾಲ್ಕೂ ಹೇಳಿದೆ, ನಿಧಾನವಾಗಿ, ನನಗೆ ಬರೆಯಲು ಸಮಯ ಕೊಟ್ಟು. ನಾನು ಎರಡು ಬರೆದೆ. ಉಳಿದೆರಡು ಹೇಳುವಾಗ ಪೆನ್ನನ್ನು ಕಾಗದಕ್ಕೆ ತಾಗಿಸದೆ ಸುಮ್ಮನೆ ಆಡಿಸಿದೆ. "ಆಯ್ತಾ?" ಎಂದು ಕೇಳಿದೆ ನೀನು. "ಆಯ್ತು" ಎಂದೆ. ಆ ಗಳಿಗೆಯಲ್ಲಿ ನನಗೆ ಖುಷಿಯಾಗಿತ್ತು ಆಫ್ರಾ. ಅದನ್ನೂ ಮುಚ್ಚಿಡುವುದಿಲ್ಲ.

ಉತ್ತರಪತ್ರಿಕೆಯ ಪ್ರತಿ ತರಿಸಿ ನೋಡಿದರೆ ಎರಡೇ ಕಾರಣ, ನಿನಗೆ ಎರಡು ಅಂಕ ಹೋಗಿತ್ತು. ಆ ಎರಡರಲ್ಲೇ ಬೆಳ್ತಂಗಡಿ ತಾಲೂಕಿಗೆ ಮೊದಲ ಸ್ಥಾನ ತಪ್ಪಿತು. ಮೊದಲ ಸ್ಥಾನದವರಿಗೆಂದು ಇಟ್ಟಿದ್ದ ಹಾಸ್ಟೆಲ್ ಸೀಟೂ ಹೋಯಿತು. ಮುಂದೆ ಎರಡು ವರ್ಷ ನೀನು ನಾರಾವಿಯಿಂದ ಮೂಡುಬಿದಿರೆಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡು ಹೋದೆ. ನಿನ್ನ ತಂದೆ ಇದಿನಬ್ಬ ಒಣಮೀನಿನ ಅಂಗಡಿಗೆ ಬಾಗಿಲು ಹಾಕಿ ನಿನ್ನ ಜೊತೆ ಬಂದು, ಸಂಜೆವರೆಗೆ ಕಾಲೇಜಿನ ವರಾಂಡದಲ್ಲಿ ಕಾದು ಕೂರುತ್ತಿದ್ದರು. ಒಮ್ಮೆ ನನ್ನ ಹತ್ತಿರ ಹೇಳಿದ್ದರು: "ಅವಳು ಎರಡು ಮರ್ತದ್ದು ಒಳ್ಳೆಯದೇ ಆಯ್ತು ಮಗಾ. ಇಲ್ಲದಿದ್ರೆ ನನಗೆ ಕಾಲೇಜು ನೋಡುವ ಯೋಗ ಎಲ್ಲಿ ಉಂಟು?" ನಾನು ನಕ್ಕೆ. ಹೋದ ವರ್ಷ ಅವರು ತೀರಿಕೊಂಡಾಗ ಬಂದು ಬಾಗಿಲಲ್ಲಿ ನಿಂತೆ, ನಿನ್ನ ಹತ್ತಿರ ಬರುವ ಧೈರ್ಯವಾಗದೆ ಹಾಗೆಯೇ ಹಿಂದೆ ಹೋದೆ. ನಾನು ಬಂದದ್ದು ನಿನಗೆ ಗೊತ್ತೇ ಇಲ್ಲ.

ಈಗ ನಿನ್ನ ಅಧ್ಯಾಯದ ಮಾತು. ಅದರಲ್ಲಿ ನೀನು ಬರೆಸಿದ್ದೀ: 'ಆ ದಿನ ನನ್ನ ನೆನಪು ಕೈಕೊಟ್ಟಿತು. ನಾಲ್ಕೂ ಹೇಳಿದೆ ಎಂದುಕೊಂಡಿದ್ದೆ, ಹೇಳಿದ್ದು ಎರಡೇ. ಅಂದಿನಿಂದ ನನ್ನ ನೆನಪನ್ನು ನಂಬುವುದು ಬಿಟ್ಟೆ. ಪ್ರತಿ ಪಾಠವನ್ನೂ ಹತ್ತು ಸಲ ಕಲಿತೆ. ಆ ಎರಡು ಅಂಕವೇ ನನ್ನನ್ನು ಡಾಕ್ಟರೇಟಿನವರೆಗೆ ಕರೆದುಕೊಂಡು ಬಂತು.' ಆ ಸಾಲುಗಳನ್ನು ಎರಡು ಸಲ ಓದಿದೆ. ಅದರ ಹಿಂದೆಯೇ ಮತ್ತೆ ಆ ಹಳೆಯ ಉರಿ. ನೋಡು, ನಾನು ಮಾಡಿದ ದ್ರೋಹವೂ ನಿನ್ನ ಸಾಧನೆಗೇ ಸೇರಿಹೋಯಿತು. ನನಗೆಂದು ಅದೊಂದು ಪಾಪವೂ ಉಳಿಯಲಿಲ್ಲ.

ನಿನ್ನ ನೆನಪು ಆ ದಿನ ಕೈಕೊಟ್ಟಿರಲಿಲ್ಲ ಆಫ್ರಾ. ಯಾವ ದಿನವೂ ಕೊಟ್ಟಿಲ್ಲ. ಸುಮ್ಮನೆ ಇಷ್ಟು ವರ್ಷ ಅದನ್ನು ಅನುಮಾನಿಸಿದೆ ನೀನು.

ಪುಸ್ತಕ ಗುರುವಾರ ಅಚ್ಚಿಗೆ ಹೋಗುತ್ತದೆ. ಇಡೀ ಅಧ್ಯಾಯ ಟೈಪ್ ಮಾಡಿದ್ದೇನೆ, ಆ ಪ್ಯಾರಾದ ಜಾಗ ಮಾತ್ರ ಖಾಲಿ ಇದೆ. ಇದ್ದಂತೆಯೇ ಟೈಪ್ ಮಾಡಿ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಬೆರಳು ಏಳಲಿಲ್ಲ. ಅಲ್ಲಿ ಏನಿರಬೇಕೆಂದು ನೀನೇ ಫೋನು ಮಾಡಿ ಹೇಳು. ನನ್ನ ಹೆಸರು ಹಿಡಿದು ಹೇಳಿದರೂ ಬರೆಯುತ್ತೇನೆ, ಒಂದಕ್ಷರ ಬಿಡುವುದಿಲ್ಲ.

ಒಂದು ಮಾತು ನಡೆಸಿಕೊಡು. ಕ್ಷಮಿಸಿದೆ ಎಂದು ಕೂಡಲೇ ಹೇಳಬೇಡ. ನೀನು ಹೇಳಿಬಿಡುವವಳೇ, ನನಗೆ ಗೊತ್ತು. ಸ್ವಲ್ಪ ದಿನ ನನ್ನ ಮೇಲೆ ಸಿಟ್ಟು ಮಾಡಿಕೊ. ಅದರಲ್ಲಾದರೂ ನಾವಿಬ್ಬರೂ ಸರಿಸಮ ಇರುವ.

ನಿನಗೂ ಬೀಬಿಯಮ್ಮನಿಗೂ ಒಳ್ಳೆಯದಾಗಲಿ. ಇದನ್ನು ಹೊಟ್ಟೆಕಿಚ್ಚಿನವಳೇ ಹರಸುತ್ತಿದ್ದಾಳೆ, ಆದರೂ ಸುಳ್ಳಲ್ಲ.

ಇಂತಿ,
ನಿನ್ನ ಫೋನು ಕಾಯುತ್ತಿರುವ
ಜ್ಯೋತ್ಸ್ನಾ