ಬ್ರೇಕ್ ಪೆಡಲಿನ ರಬ್ಬರು

ಪುಟ್ಟಾ,

ತಿಂಡಿ ಮುಚ್ಚಿಟ್ಟಿದ್ದೇನೆ, ತಿನ್ನು. ಹನ್ನೊಂದಕ್ಕೆ ದಲ್ಲಾಳಿ ಆ ಕೆಂಪು ಸ್ಪೋರ್ಟ್ಸ್ ಕಾರು ತಂದಾಗ ಅವಸರಪಟ್ಟು ಮಾತು ಕೊಡಬೇಡ. ಮೀಟರಿನಲ್ಲಿ ಇಪ್ಪತ್ತು ಸಾವಿರ ಕಿಲೋಮೀಟರು ಅಂತಿದೆ. ನಿನ್ನೆ ನೀನು ಬಣ್ಣ ನೋಡುತ್ತಿದ್ದಾಗ ನಾನು ಬ್ರೇಕ್ ಪೆಡಲ್ ನೋಡಿದೆ. ರಬ್ಬರು ಸವೆದು ನುಣ್ಣಗಾಗಿದೆ. ಇಪ್ಪತ್ತು ವರ್ಷದಲ್ಲಿ ನನ್ನ ಹೊಲಿಗೆ ಯಂತ್ರದ ಪೆಡಲಿಗೆ ಎರಡೇ ಸಲ ರಬ್ಬರು ಹಾಕಿಸಿದ್ದೇನೆ. ಅದು ಸುಮ್ಮನೆ ಸವೆಯುವುದಿಲ್ಲ. ಆ ಗಾಡಿ ಲಕ್ಷವಾದರೂ ಓಡಿರಬೇಕು, ಅವನು ಹೇಳುವ ಬೆಲೆಯಲ್ಲಿ ಅರ್ಧವೂ ಬಾಳುವುದಿಲ್ಲ.

"ಅಮ್ಮಂಗೆ ಕಾರಿನ ವಿಷಯ ಏನ್ ಗೊತ್ತು" ಅಂತ ನೀನು ಅವನೆದುರೇ ನಕ್ಕೆ, ಇರಲಿ. ಗ್ಯಾರೇಜಿನ ಮಾವನಿಗೆ ಬರಹೇಳಿದ್ದೇನೆ. ಆ ದುಡ್ಡು ನಿನ್ನ ಐದು ವರ್ಷದ ದುಡಿಮೆ ಕಣೋ.

ನಿನ್ನ ಚೆಕ್ ಪುಸ್ತಕ ನನ್ನ ಚೀಲದಲ್ಲಿದೆ, ಮನೆಯೆಲ್ಲ ಹುಡುಕಬೇಡ. ಆ ಪೆಡಲಿನ ಮೇಲೆ ಬೆರಳಾಡಿಸಿ ನೋಡು. ಆಮೇಲೂ ಅದೇ ಬೇಕೆನಿಸಿದರೆ ನನ್ನ ಹೊಲಿಗೆ ಅಂಗಡಿಗೆ ಬಾ, ಒಂದು ಮಾತೂ ಆಡದೆ ಕೊಡುತ್ತೇನೆ.

ಅಮ್ಮ