ನಾಲ್ಕನೆಯ ಕಾರು

ಕಚೇರಿಯ ಮಹಡಿ, ಒಳಕೋಣೆ
ಬುಧವಾರ, ಹನ್ನೊಂದನೇ ತಾರೀಕು, ಊಟದ ವಿರಾಮ

ಮನೆಗೂ ಕಚೇರಿಗೂ ಒಡತಿಯಾದ ನನ್ನವಳಿಗೆ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಮಗಳು ಎದ್ದು ಓಡಾಡುತ್ತಿದ್ದಾಳೆಯೇ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾಳೆಯೇ? ಮೊಮ್ಮಗಳು ಅತ್ತರೆ ಮೂರು ಮನೆ ಆಚೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ ಎಂದು ಬರೆದಿದ್ದೀಯ. ಓದಿ ನನ್ನ ಎದೆ ಉಬ್ಬಿತು. ಅದು ಅಳುವಲ್ಲ ಕಣೇ, ವಂಶದ ಕಂಠ! ನಮ್ಮಪ್ಪ ಕಂಪನಿ ನಾಟಕದಲ್ಲಿ ಮೈಕಿಲ್ಲದೆ ಕೊನೇ ಬೆಂಚಿನವನ ನಿದ್ದೆ ಕೆಡಿಸುತ್ತಿದ್ದರು. ಇವಳು ತೊಟ್ಟಿಲಲ್ಲೇ ಶುರುಮಾಡಿದ್ದಾಳೆ. ಅವಳನ್ನು ಯಾರೂ 'ಶ್' ಅನ್ನಕೂಡದು ಎಂದು ಅಳಿಯನಿಗೆ ಹೇಳು. ನನಗೆ ನೀನು ಜೀವಮಾನವಿಡೀ ಅಂದಿದ್ದು ಸಾಕು.

ಫೋನಿದೆಯಲ್ಲ, ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಾನು ಮೊದಲನೇ ಅಂಕದ ಮೊದಲ ಮಾತು ಎತ್ತುವಷ್ಟರಲ್ಲಿ 'ರೀ, ವಿಷಯಕ್ಕೆ ಬನ್ನಿ' ಎಂದು ಪರದೆ ಬೀಳಿಸುತ್ತೀಯ. ಕಾಗದದ ಮೇಲೆ ನನ್ನನ್ನು ತಡೆಯುವವರಾರು! ಅಲ್ಲದೆ, ಕಳೆದ ಶನಿವಾರ ಸಂಜೆ ಕಂಪ್ಯೂಟರ್ ಅಂಗಡಿಗಳ ಬೀದಿಯಲ್ಲಿ ನಿನ್ನ ತಮ್ಮ ನನ್ನನ್ನು ಒಂದು ಅವತಾರದಲ್ಲಿ ನೋಡಿದ್ದಾನೆ. ಅವನ ವರದಿ ಬರುವ ಮುಂಚೆ ನನ್ನ ಹೇಳಿಕೆ ನಿನ್ನ ಕೈಸೇರಲಿ ಎಂದು ಬರೆಯುತ್ತಿದ್ದೇನೆ. ಅವನು ಆಗಲೇ ಫೋನು ಮಾಡಿ ಊದಿದ್ದರೆ ಇದನ್ನು ಮೇಲ್ಮನವಿ ಎಂದು ತಿಳಿ.

ನೀನು ಮಗಳ ಬಾಣಂತನಕ್ಕೆ ಹೊರಟ ದಿನ ಆಡಿದ ಮಾತು ನನಗೆ ಅಕ್ಷರ ತಪ್ಪದೆ ನೆನಪಿದೆ. ಮಾತು ಮರೆತರೆ, ನಾಟಕದ ಪೆಟ್ಟಿಗೆಗಳ ಮೇಲೆ ಮಲಗಿ ಬೆಳೆದದ್ದಕ್ಕೆ ಏನು ಬೆಲೆ? ನಮ್ಮ ಬೆರಳಚ್ಚು ಕಚೇರಿಯ ನಾಲ್ಕು ಕಂಪ್ಯೂಟರುಗಳೂ ಮುದಿಯಾಗಿದ್ದವು. ಬೆಳಿಗ್ಗೆ ಗುಂಡಿ ಒತ್ತಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಆಕಳಿಸುತ್ತಲೇ ಇರುತ್ತಿದ್ದವು. ನಿನ್ನ ತಮ್ಮ ತನ್ನ ಗೆಳೆಯನ ಅಂಗಡಿಯಿಂದ ಸಿದ್ಧ ಕಂಪ್ಯೂಟರುಗಳನ್ನೇ ತರಿಸೋಣ ಎಂದ. ನಾನು ಎದೆ ತಟ್ಟಿಕೊಂಡು, ಬೇಡ, ಒಂದೊಂದು ಬಿಡಿಭಾಗವನ್ನೂ ನಾನೇ ಆರಿಸಿ, ನಾನೇ ಜೋಡಿಸಿ, ಅದಕ್ಕಿಂತ ಅಗ್ಗವಾಗಿ ನಿಲ್ಲಿಸುತ್ತೇನೆ ಎಂದೆ. ನೀನು ಚೀಟಿಯಲ್ಲಿ ಮೂರು ಸಾಲು ಬರೆದುಕೊಟ್ಟೆ. ನಾಲ್ಕೂ ಒಂದೇ ಥರ ಇರಬೇಕು. ಅಗ್ಗವಾಗಿರಬೇಕು. ಆಟಗೀಟಕ್ಕೆ ಅಂತ ಒಂದು ಮೊಳೆಯೂ ಹೆಚ್ಚಿಗೆ ಬರಕೂಡದು. ಆಮೇಲೆ ಮೆಟ್ಟಿಲ ಮೇಲೆ ನಿಂತು, 'ನಾನು ವಾಪಸ್ ಬರೋ ಹೊತ್ತಿಗೆ ನಾಲ್ಕೂ ಓಡ್ತಿರ್ಬೇಕು. ಇಲ್ಲಾಂದ್ರೆ ಇನ್ಮೇಲೆ ಕಚೇರಿ ಸಾಮಾನೆಲ್ಲ ನನ್ನ ತಮ್ಮಾನೇ ನೋಡ್ಕೋತಾನೆ. ನೀವು ಬಾಗ್ಲಲ್ಲಿ ಕೂತು ಬಂದೋರಿಗೆ ನಮಸ್ಕಾರ ಹೇಳಿ' ಎಂದೆ. ರಾಜಾಪಾರ್ಟಿನವನ ಮಗನಿಗೆ ದ್ವಾರಪಾಲಕನ ಪಾತ್ರ! ದ್ವಾರಪಾಲಕನಿಗೆ ಮಾತೇ ಇರುವುದಿಲ್ಲ ಕಣೇ.

ಈಗ ಒಂದು ತಪ್ಪೊಪ್ಪಿಗೆ. ನಿನ್ನ ಚೀಟಿಯ ಮೂರನೇ ಸಾಲು ಇದೆಯಲ್ಲ, ಅದರ ಮೇಲೆ ಈ ಕಚೇರಿಯಲ್ಲಿ ಮೂರು ವರ್ಷದಿಂದ ಕಾರು ಹರಿಯುತ್ತಿದೆ. ಊಟದ ಹೊತ್ತಿನಲ್ಲಿ ನೀನು ಒಳಕೋಣೆಯ ಬಾಗಿಲು ಹಾಕಿಕೊಂಡು ತೆರಿಗೆ ಲೆಕ್ಕಕ್ಕೆ ಕೂತರೆ, ಹೊರಗೆ ನಾವು ಮೂವರು, ಅಂದರೆ ನಾನು, ನಮ್ಮ ಲೆಕ್ಕದವರು, ಬೆರಳ ವೇಗಕ್ಕೆ 'ಮಿಂಚು' ಎಂದು ಹೆಸರಾದ ನಮ್ಮ ಟೈಪಿಸ್ಟು, ಸದ್ದು ಪೂರ್ತಿ ಇಳಿಸಿ ಕಾರಿನ ಓಟದ ಆಟಕ್ಕೆ ಕೂರುತ್ತಿದ್ದೆವು. ಕಡತ ಕಳಿಸಿಕೊಳ್ಳಲೆಂದು ನಾಲ್ಕು ಕಂಪ್ಯೂಟರುಗಳನ್ನೂ ಪೋಣಿಸಿದ ಅದೇ ತಂತಿಯಿಂದ ನಮ್ಮ ಕಾರುಗಳೆಲ್ಲ ಒಂದೇ ರಸ್ತೆಗೆ ಇಳಿಯುತ್ತಿದ್ದವು. ಅರವತ್ತು ತುಂಬಿದ ಲೆಕ್ಕದವರದು ಬಿಳಿ, ಎರಡು ಮಕ್ಕಳ ತಾಯಿ ಮಿಂಚುವಿನದು ಹಳದಿ, ನನ್ನದು ಕೆಂಪು. ಜೊತೆಗೆ ಒಂದು ಕರಿ ಕಾರೂ ಬರುತ್ತಿತ್ತು. ಅದನ್ನು ಕಂಪ್ಯೂಟರೇ ಓಡಿಸುತ್ತದೆ ಎಂದು ಲೆಕ್ಕದವರು ಮೊದಲ ದಿನವೇ ತೀರ್ಪು ಕೊಟ್ಟರು. ಏನು ಓಟ ಅದು! ಬಾಣ ಬಿಟ್ಟ ಹಾಗೆ. ಆದರೆ ಆ ಯಂತ್ರಕ್ಕೆ ನನ್ನ ಮೇಲೆ ಯಾವ ಜನ್ಮದ ಹಗೆಯೋ ಕಾಣೆ. ಬಿಳಿಯನ್ನು ಮುಟ್ಟುತ್ತಿರಲಿಲ್ಲ, ಹಳದಿಗೆ ದಾರಿ ಬಿಡುತ್ತಿತ್ತು. ಕೊನೇ ತಿರುವಿನಲ್ಲಿ ಮಾತ್ರ ನನ್ನ ಕೆಂಪು ಕಾರನ್ನೇ ಹುಡುಕಿಕೊಂಡು ಬಂದು ಗುದ್ದಿ ಹಳ್ಳಕ್ಕೆ ಕೆಡವುತ್ತಿತ್ತು. ಕೆಲವು ದಿನ ಒಂದು ಸಲ. ಕೆಲವು ದಿನ ಕಾರಣವೇ ಇಲ್ಲದೆ ಮೂರು ಸಲ. ಎರಡು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಅದು ಬರುವುದೇ ನಿಂತುಹೋಯಿತು. ಲೆಕ್ಕದವರು ಕನ್ನಡಕ ಒರೆಸಿಕೊಂಡು, 'ಹಳೇ ಮಷೀನು. ಮೂರು ಕಾರಿಗೇ ಉಸಿರು ಸಾಲ್ತಿಲ್ಲ, ನಾಲ್ಕನೇದಕ್ಕೆ ಎಲ್ಲಿಂದ ತರುತ್ತೆ' ಎಂದರು. ಹಾಗೇ ಇರಬೇಕು ಅಂದುಕೊಂಡೆವು.

ಹೊಸದು ತರುತ್ತೇನೆಂದು ನಾನು ಸಾರಿದ ದಿನ ಇಬ್ಬರೂ ನನ್ನ ಮೇಜಿನ ಮುಂದೆ ಬಂದು ನಿಂತರು. 'ಕರಾರುಪತ್ರ ಬೇಗ ತೆರ್ಕೋಬೇಕು, ಅದು ಮುಖ್ಯ ಸಾರ್. ಅದ್ರ ಜೊತೆಗೆ, ಸುಮ್ನೆ ಒಂದು ಪರೀಕ್ಷೆಗೆ ಅಂತ, ಆ ಕಾರು...' ಎಂದು ಲೆಕ್ಕದವರು ಕೆಮ್ಮಿದರು. ಮಿಂಚು ಸುತ್ತಿಬಳಸಿ ಮಾತಾಡುವವಳಲ್ಲ. 'ಕಾರು ಓಡ್ದಿದ್ರೆ ನಾನು ಎದುರುಗಡೆ ಆಫೀಸಿಗೆ ಹೋಗ್ತೀನಿ ಸಾರ್. ಅಲ್ಲಿ ವಿಮಾನ ಇದೆಯಂತೆ.' ನೀನೇ ಹೇಳು, ಒಂದು ಕಡೆ ನಿನ್ನ ಚೀಟಿ, ಒಂದು ಕಡೆ ನಿಮಿಷಕ್ಕೆ ತೊಂಬತ್ತು ಪದ ಕುಟ್ಟುವ ಹತ್ತು ಬೆರಳು. ನಾನು ಏನು ಮಾಡಲಿ?

ಬಿಡಿಭಾಗಗಳ ಅಂಗಡಿಯಲ್ಲಿ ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡ ಒಬ್ಬ ಹೆಂಗಸು ಕೂತಿದ್ದಳು. 'ಏನ್ ಕೆಲ್ಸಕ್ಕೆ?' ಎಂದಳು. ಆಫೀಸಿಗೆ ಎಂದೆ. 'ಬರೀ ಆಫೀಸಿಗಾ?' ಎಂದು ನನ್ನ ಮುಖ ನೋಡಿದಳು. ಆಫೀಸಿಗೇ, ಆದರೂ ಮಧ್ಯಾಹ್ನದ ಹೊತ್ತು ಸ್ವಲ್ಪ, ಎಂದು ನಾನು ಗೊಣಗಿದೆ. 'ಗೊತ್ತಾಯ್ತು ಬಿಡಿ. ಆಫೀಸಿಗೆ ಅಂತ ಬರೋರೆಲ್ಲ ಇಲ್ಲಿಗೆ ಬಂದಾಗ ದನಿ ಇಳಿಸ್ತಾರೆ.' ಒಳ್ಳೆಯವಳು. ಹಳೇ ಡಬ್ಬ, ಹಳೇ ಮಾನಿಟರು, ಹಳೇ ಕೀಬೋರ್ಡು ಇರಲಿ, ದಂಡ ತೆರಬೇಡಿ ಎಂದಳು. (ಲೆಕ್ಕದವರ ಕೀಬೋರ್ಡಿನಲ್ಲಿ ಏಳರ ಅಂಕಿಯೇ ಸವೆದು ಮಾಯವಾಗಿದೆ. ಹೊಸದು ಕೊಟ್ಟರೆ ರಾಜೀನಾಮೆ ಕೊಡುತ್ತಾರಂತೆ.) ತಿರುಗುವ ಡಿಸ್ಕು ಬೇಡ, ತಿರುಗದ ಎಸ್ಎಸ್‌ಡಿ ಹಾಕಿ, ಅರ್ಧ ಆಕಳಿಕೆ ಅಲ್ಲೇ ಹೋಗುತ್ತೆ ಎಂದಳು. ಮೆಮೊರಿ ಹದಿನಾರು ಜಿಬಿಯದು ಒಂದು ಬೇಡ, ಎಂಟೆಂಟರದು ಎರಡು ಹಾಕಿ, ಕಾರು ಸಲೀಸಾಗಿ ಓಡುತ್ತೆ ಎಂದಳು. ರಂಗದ ಎರಡೂ ಬದಿಗೆ ಒಬ್ಬೊಬ್ಬ ಮಾತು ಹೇಳಿಕೊಡುವವನಿದ್ದ ಹಾಗೆ ಎಂದು ನನಗೆ ಥಟ್ಟನೆ ಅರ್ಥವಾಯಿತು. ಕರೆಂಟು ಕೊಡುವ ಪವರ್ ಸಪ್ಲೈ ಮಾತ್ರ ಹೆಸರಿಲ್ಲದ್ದು ತಗೋಬೇಡಿ, ಅದು ಸತ್ತರೆ ಜೊತೆಗೆ ನಾಲ್ಕು ಜನರನ್ನ ಕರ್ಕೊಂಡ್ ಹೋಗುತ್ತೆ ಎಂದಳು. ನಮ್ಮಪ್ಪನ ಕಂಪನಿಯ ದೀಪದವನು ನೆನಪಾದ. ಅವನು ಕುಡಿದು ಬಂದ ದಿನ ರಾಜನೂ ಕತ್ತಲೆ, ರಾಣಿಯೂ ಕತ್ತಲೆ.

ಕೊನೆಗೆ ಕಂಪ್ಯೂಟರಿನ ಮಿದುಳು, ಪ್ರೊಸೆಸರ್. ಅದೇ ರಾಜಾಪಾರ್ಟು! ಗಾಜಿನ ಕೆಳಗೆ ಎರಡಿದ್ದವು. ಅವಳು ಒಂದನ್ನು ತೋರಿಸಿದಳು. ಪಕ್ಕದ್ದು ಅದಕ್ಕಿಂತ ಅಗ್ಗ, ಅದಕ್ಕಿಂತ ಚುರುಕು ಎಂದು ಅದರ ಡಬ್ಬವೇ ಹೇಳುತ್ತಿತ್ತು. ನನ್ನೊಳಗಿನ ನಟ ಎದ್ದು ನಿಂತ. ಅಗ್ಗಕ್ಕೆ ಸಿಗುವ ರಾಜ ಯಾವತ್ತೂ ಕೀಳಲ್ಲವೆಂದೂ, ನನ್ನ ಹೆಂಡತಿಯ ಚೀಟಿಗೆ ಇವನೇ ತಕ್ಕವನೆಂದೂ ಹತ್ತು ನಿಮಿಷ ನಿರರ್ಗಳವಾಗಿ ಮಾತಾಡಿದೆ. ಅವಳು ಮೂರು ಸಲ ಬೆರಳೆತ್ತಿದಳು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ. ನಾಲ್ಕಕ್ಕೂ ಅದೇ ಜಾತಿಯದನ್ನು ಕಟ್ಟಿಸಿಕೊಂಡು ಬಂದೆ.

ಎರಡು ದಿನ ಉದ್ದ ಮೇಜಿನ ಮೇಲೆ ಜೋಡಣೆ ನಡೆಯಿತು. ಲೆಕ್ಕದವರು ಪುಸ್ತಿಕೆ ಓದಿದರು, ಮಿಂಚು ಸ್ಕ್ರೂ ತಿರುಗಿಸಿದಳು, ನಾನು ನಿರ್ದೇಶಿಸಿದೆ. ಕೊನೆಯಲ್ಲಿ ಒಂದು ಸ್ಕ್ರೂ ಉಳಿಯಿತು. ಎಲ್ಲಿಯದೆಂದು ಯಾರಿಗೂ ತಿಳಿಯಲಿಲ್ಲ. ಉದ್ಘಾಟನೆಗೆ ಕೆಳಗಿನ ಬೀಗದ ಅಂಗಡಿಯವನನ್ನೂ ಕರೆದೆ. ಬಾಡಿಗೆ ಕರಾರಿಗೆ ಬಂದಿದ್ದ ದಂಪತಿಯನ್ನೂ ಕೂರಿಸಿದೆ. ಮಾತಾಡಿ, ಕೈ ಮೇಲೆತ್ತಿ, ನಾಲ್ಕು ಗುಂಡಿಗಳನ್ನೂ ಒತ್ತಿಸಿದೆ. ಫ್ಯಾನುಗಳು ತಿರುಗಿದವು. ಪುಟ್ಟ ದೀಪಗಳು ಹೊತ್ತಿದವು. ಆದರೆ ಪರದೆ ಏಳಲಿಲ್ಲ. ನಾಲ್ಕು ಮಾನಿಟರುಗಳೂ ಕಾಡಿಗೆ ಬಳಿದ ಹಾಗೆ ಕಪ್ಪು. ಐದು ನಿಮಿಷ ನಾನು ಒಂದೊಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದೆ. ಕೊನೆಗೆ ಬೀಗದವನು, 'ಸಾರ್, ಇದು ರೇಡಿಯೋ ನಾಟಕಾನಾ?' ಎಂದ. ಅದೇ ಗಳಿಗೆಗೆ ನಿನ್ನ ತಮ್ಮನ ಫೋನು ಬರಬೇಕೇ! 'ಭಾವ, ಹೇಗಾಯ್ತು?' ನಾನು ಸಿಂಹಾಸನದ ದನಿಯಲ್ಲಿ 'ಅದ್ಭುತ!' ಎಂದೆ. ನನ್ನ ಕಾಲು ಮಾತ್ರ ಆಗಲೇ ದ್ವಾರಪಾಲಕನಂತೆ ಬಾಗಿಲ ಕಡೆ ಹೊರಟಿತ್ತು.

ಅಂಗಡಿಗೆ ಓಡಿದೆ. ಆ ಹೆಂಗಸು ಕಿವಿಯಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ಕಡೆ ತೋರಿಸಿದಳು. 'ಇದ್ರೊಳಗೆ ಚಿತ್ರ ಮೂಡಿಸೋ ಭಾಗಾನೇ ಇಲ್ಲ ಸಾರ್. ಅದಕ್ಕೇ ಅಗ್ಗ. ಇದಕ್ಕೆ ಗ್ರಾಫಿಕ್ಸ್ ಕಾರ್ಡು ಬೇರೆ ಹಾಕ್ಬೇಕು. ನಾನು ತೋರ್ಸಿದ್ರಲ್ಲಿ ಎರಡೂ ಒಳಗೇ ಇರುತ್ತೆ, ನಿಮ್ಮ ಕಾರಿಗೂ ಅದು ಸಾಕು. ಅದನ್ನೇ ಮೂರು ಸಲ ಹೇಳೋಕ್ ಬಂದೆ. ನೀವು ಉಸಿರೇ ತಗೊಳ್ಲಿಲ್ಲ.' ಎಂಥ ರಾಜನನ್ನು ಆರಿಸಿದ್ದೆ ನೋಡು! ಕತ್ತಿ ಬೀಸುತ್ತಾನೆ, ಮುಖವಿಲ್ಲ. ನಾಲ್ಕು ಕಾರ್ಡು ಕೊಂಡರೆ ನಿನ್ನ ಚೀಟಿಯ ಎರಡನೇ ಸಾಲೂ ಮೂರನೇ ಸಾಲೂ ಒಟ್ಟಿಗೆ ಬೂದಿ. ಬದಲಾಯಿಸಿಕೊಡಮ್ಮ ಎಂದರೆ, ಬಿಚ್ಚಿದ ಮಾಲು ವಾಪಸಿಲ್ಲ ಎಂಬ ಬೋರ್ಡು ಅವಳ ತಲೆಯ ಮೇಲೇ ತೂಗುತ್ತಿತ್ತು. ನಾನು ಮೊದಲ ಬಾರಿಗೆ ಮಾತಿಲ್ಲದೆ ನಿಂತೆ. ಅವಳಿಗೆ ಅದೇ ನೋಡಲಾಗಲಿಲ್ಲವೇನೋ. 'ಈ ಬೀದೀಲಿ ಹದಿನೆಂಟು ಅಂಗಡಿ ಇದೆ. ನಿಮ್ಮ ಗಂಟಲು ನಂಗೆ ಮೂರು ಸಂಜೆ ಕೊಡಿ, ಬದಲಾಯಿಸಿ ಕೊಡ್ತೀನಿ' ಎಂದಳು.

ಕೊಟ್ಟೆ. ಗುರುವಾರ, ಶುಕ್ರವಾರ, ಶನಿವಾರ, ಆರರಿಂದ ಏಳರವರೆಗೆ, ಅವಳ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ನಿಂತು ಕೂಗಿದೆ. 'ಬನ್ನಿ ಮಹಾಜನರೇ, ಬನ್ನಿ! ಏಳದ ಕಂಪ್ಯೂಟರನ್ನು ಎಬ್ಬಿಸುವ ಭಾಗ ಇಲ್ಲಿದೆ! ಮುಖವಿಲ್ಲದ ರಾಜನಿಗೆ ಮರುಳಾಗಬೇಡಿ, ನನ್ನನ್ನು ನೋಡಿ ಕಲಿಯಿರಿ!' ಬೀದಿಯ ಆ ತುದಿಯ ಅಂಗಡಿಯವರೂ ಶಟರು ಅರ್ಧ ಎಳೆದು ಕೇಳಲು ಬಂದರು. ಶನಿವಾರ ನಾನು ಕೀಬೋರ್ಡನ್ನು ಗದೆಯ ಹಾಗೆ ಹೆಗಲಿಗೇರಿಸಿದ್ದಾಗ ಜನರ ನಡುವೆ ನಿನ್ನ ತಮ್ಮನ ಮುಖ ಕಂಡಿತು. 'ಭಾವ... ಅಕ್ಕಂಗೆ ಗೊತ್ತಾ?' ಎಂದ. ಇದೋ, ಈಗ ಅಕ್ಕನಿಗೆ ಗೊತ್ತು. ಅವನು ಕೀಬೋರ್ಡು ಎಂದು ಹೇಳದೆ ಬೇರೇನಾದರೂ ಹೇಳಿದ್ದರೆ ನಂಬಬೇಡ.

ಸೋಮವಾರ ಪರದೆ ಎದ್ದಿತು. ನಾಲ್ಕೂ ಒಟ್ಟಿಗೆ! ಕರಾರುಪತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಗುಂಡಿ ಒತ್ತಿ ಕಾಫಿಗೆ ಹೋದರೆ ಬರುವಷ್ಟರಲ್ಲಿ ಅವೇ ನಮಗಾಗಿ ಕಾಯುತ್ತಿರುತ್ತವೆ. ಆಟದೊಳಗಿನ ಮರಗಳ ನೆರಳು, ನೀರಿನ ಥಳುಕು ಎಂಬ ಅಲಂಕಾರ ಕಳಚಿಟ್ಟರೆ ಕಾರೂ ತಡವರಿಸದೆ ಓಡುತ್ತದೆ. ಮಿಂಚು ಎದುರುಗಡೆಯ ವಿಮಾನ ಮರೆತಿದ್ದಾಳೆ. ಕರಿ ಕಾರು ಮಾತ್ರ ಹೊಸದರಲ್ಲೂ ಬಂದಿಲ್ಲ. ಲೆಕ್ಕದವರು ಪುಸ್ತಿಕೆಯನ್ನು ಮತ್ತೆ ಮೊದಲಿನಿಂದ ಓದುತ್ತಿದ್ದಾರೆ. ನಿನ್ನ ಚೀಟಿ ಈಗ ನನ್ನ ಮುಂದಿದೆ. ನಾಲ್ಕೂ ಒಂದೇ ಥರ ಇವೆ. ಅಗ್ಗವೇ ಆಗಿವೆ. ಆಟಕ್ಕೆಂದು ಒಂದು ಮೊಳೆಯೂ ಹೆಚ್ಚಿಗೆ ಬಂದಿಲ್ಲ. ಬದಲಿಗೆ ಒಂದು ಸ್ಕ್ರೂ ಉಳಿದಿದೆ, ನನ್ನ ಜೇಬಿನಲ್ಲಿದೆ, ಬಂದಾಗ ಒಪ್ಪಿಸುತ್ತೇನೆ. ತೀರ್ಪು ನಿನ್ನದು.

ಮಗಳ ತಲೆ ಸವರು. ಅಳಿಯನಿಗೆ ನನ್ನ ನೆನಪು ಹೇಳು. ಮೊಮ್ಮಗಳ ಕಿವಿಯಲ್ಲಿ, ತಾತ ಸೋತು ಗೆದ್ದ ಎಂದು ಉಸುರು. ಬೇಡ, ಗಟ್ಟಿಯಾಗೇ ಹೇಳು, ಅವಳಿಗೆ ಪಿಸುಮಾತು ಹಿಡಿಸಲಿಕ್ಕಿಲ್ಲ. ನೂರು ವರ್ಷ ಹೀಗೇ ಗಂಟಲೆತ್ತಿ ಬಾಳಲಿ.

ಇಂತು, ಇನ್ನೂ ಬಾಗಿಲಿಗೆ ಇಳಿಯದ,
ನಿನ್ನ ರಾಜಾಪಾರ್ಟು

ತಾ.ಕ.: ಅಂಚೆಗೆ ಹೊತ್ತಾಯಿತು, ಅಂಚಿನಲ್ಲಿ ಬರೆಯುತ್ತಿದ್ದೇನೆ, ಕನ್ನಡಕ ಹಾಕಿಕೋ. ಹಳೇ ಡಿಸ್ಕುಗಳಿಂದ ಕಡತಗಳನ್ನು ಸಾಗಿಸುವಾಗ ನಿನ್ನ ಒಳಕೋಣೆಯದನ್ನು ನಾನೊಬ್ಬನೇ ಮಾಡಿದೆ. 'ಹಳೇ ತೆರಿಗೆ' ಅಂತ ಒಂದು ಫೋಲ್ಡರ್ ಇತ್ತು. ಅದರಲ್ಲಿ ತೆರಿಗೆ ಇಲ್ಲ ಕಣೇ. ಒಂದು ಕರಿ ಕಾರು ನಿಂತಿದೆ. ಆರುನೂರ ಹನ್ನೆರಡು ಗೆಲುವು, ತಾರೀಕು ಸಮೇತ. ಕೊನೆಯದು ನೀನು ಹೊರಟ ಹಿಂದಿನ ದಿನದ್ದು. ತಾರೀಕುಗಳು ನಿನ್ನ ಕಡತದಲ್ಲಿವೆ, ಗುದ್ದುಗಳು ನನ್ನ ನೆನಪಿನಲ್ಲಿವೆ. ಎರಡನ್ನೂ ಕೂತು ತಾಳೆ ನೋಡಿದೆ. ನಿನ್ನ ತಮ್ಮನ ನಡಿಗೆ ಅಣಕಿಸಿ ತೋರಿಸಿದ ದಿನ ಮೂರು. ನಿನ್ನ ಹುಟ್ಟಿದ ದಿನ ಮರೆತಾಗ ಏಳು. ಯಾರಿಗೂ ಹೇಳಿಲ್ಲ, ಲೆಕ್ಕದವರ ಪಾಲಿಗೆ ಅದು ಇನ್ನೂ ಯಂತ್ರವೇ. ಒಂದು ಗೆಲುವೂ ಕಳೆಯದ ಹಾಗೆ ನಿನ್ನ ಹೊಸ ಕಂಪ್ಯೂಟರಿಗೆ ಸಾಗಿಸಿ ಇಟ್ಟಿದ್ದೇನೆ. ಇಲ್ಲಿ ದಿನವೂ ನಾನೇ ಗೆಲ್ಲುತ್ತಿದ್ದೇನೆ. ಕೊನೇ ತಿರುವಿಗೆ ಬಂದಾಗ ವೇಗ ಇಳಿಸಿ ಒಂದು ಸಲ ಹಿಂದೆ ನೋಡುತ್ತೇನೆ. ಯಾರೂ ಇರುವುದಿಲ್ಲ. ಮಗಳಿಗೆ ಬೇಕಾದಷ್ಟು ದಿನ ಇರು. ಆಮೇಲೆ ಒಂದು ದಿನವೂ ತಡಮಾಡದೆ ಬಂದು ಗುದ್ದು.